ಟ್ರೇಲರ್ ಬರುತ್ತಾ?

ಹನ್ನೊಂದು ವರ್ಷದಿಂದ ಹತ್ತು ಚಕ್ರದ ಲಾರಿ ಓಡಿಸ್ತಿದೀನಿ, ಶಿರಾಡಿ ಘಾಟಿನ ಮಳೇಲಿ ಫುಲ್ ಲೋಡ್ ಸಮೇತ ಸೆಕೆಂಡ್ ಗೇರಲ್ಲಿ ಇಳಿಸಿದೀನಿ, ಆದ್ರೂ ಗಲ್ಫ್ ಕೆಲಸಕ್ಕೆ ಯಾರಿಗೆ ಫೋನ್ ಮಾಡಿದ್ರೂ ಮೊದಲ ಪ್ರಶ್ನೆ 'ಟ್ರೇಲರ್ ಬರುತ್ತಾ?' ದುಬೈಯಿಂದ ಸೌದಿ ಬಾರ್ಡರ್ ದಾಟೋ ಲಾಂಗ್ ಟ್ರಿಪ್ಪೆಲ್ಲ ಹೆಚ್ಚಾಗಿ ಟ್ರೇಲರ್ ಓಡಿಸೋರಿಗೇ, ನಮ್ಮಂಥೋರಿಗೆ ಊರೊಳಗೆ ನೀರು, ಮರಳು ಹೊಡೆಯೋದು. ನಮ್ ಹೆವಿ ಲೈಸೆನ್ಸ್ ತೋರ್ಸಿದ್ರೆ ಅಲ್ಲಿ ಗಾಡಿ ಕೊಡಲ್ಲ, ಅಲ್ಲೀದೇ ಮಾಡಿಸ್ಬೇಕು.

ಒಬ್ಬ ಏಜೆಂಟ್ ಒಂದೂವರೆ ಲಕ್ಷ ಕೇಳ್ದ, ಸರ್ಕಾರದ ರೂಲ್ ಪ್ರಕಾರ 30,000 ಪ್ಲಸ್ ಜಿಎಸ್‌ಟಿಗಿಂತ ಜಾಸ್ತಿ ತಗೊಳಂಗಿಲ್ಲ ಅಲ್ವಾ ಸಾರ್ ಅಂದೆ, ಫೋನ್ ಇಟ್ಬಿಟ್ಟ 😄

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಅಮ್ಮನ ಟ್ರಂಕಲ್ಲಿ ಸಿಕ್ತು, ಒಂದು ಅಂಚು ಗೆದ್ದಲು ತಿಂದಿದೆ, ಪಾಸಾಗಿರೋದ್ರಿಂದ ಪಾಸ್‌ಪೋರ್ಟಲ್ಲಿ ಇಸಿಆರ್ (ಗಲ್ಫ್ ಕೆಲಸಕ್ಕೆ ಹೋಗೋ ಮುಂಚೆ ಸರ್ಕಾರದ ಕ್ಲಿಯರೆನ್ಸ್ ಬೇಕು ಅನ್ನೋ ಗುರುತು) ಬೀಳಲ್ಲ. ಮೇಷ್ಟ್ರು ಬಡಿದು ಓದ್ಸಿದ್ದು ಈಗ ಕೆಲಸಕ್ಕೆ ಬಂತು ನೋಡಿ.. ಜೆರಾಕ್ಸ್ ಅಂಗಡಿಗೆ ಹೊರಟಿದೀನಿ.