ಸಾಲಿನ ಕೊನೆಯ ಕುರ್ಚಿ

ಮಂಡಿನೋವು ಶುರುವಾದ ಮೇಲೆ ಅಬ್ಬ ಮಸೀದಿಯಲ್ಲಿ ಕುರ್ಚಿಯ ಮೇಲೆ ಕುಳಿತು ನಮಾಜ್ ಮಾಡುತ್ತಾರೆ. ನೆಲಕ್ಕೆ ಹಣೆ ಊರಲಾಗದವರು ಕುಳಿತೇ ಬಾಗಿದರೆ ಸಾಕು. ಹಣೆ ಊರುವ ಸಜ್ದಾಕ್ಕೆ, ಸೊಂಟ ಬಾಗಿಸುವ ರುಕೂವಿಗಿಂತ ತುಸು ಹೆಚ್ಚು ಬಾಗಬೇಕು, ಅಷ್ಟೆ. ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಮೊದಲ ವಾರ ಶೀತದ ನೆಪ ಹೇಳಿ ಮನೆಯಲ್ಲೇ ಉಳಿದರು.

ಈಗ ನಸುಕಿನ ನಮಾಜ್ ಫಜ್ರ್‌ಗೆ ಇಬ್ಬರೂ ಒಟ್ಟಿಗೆ ಹೋಗುತ್ತೇವೆ. ‘ನಿದ್ರೆಗಿಂತ ನಮಾಜ್ ಉತ್ತಮ’ ಎಂಬ ಸಾಲು ಬರುವುದು ಆ ಹೊತ್ತಿನ ಅಜಾನ್‌ನಲ್ಲಿ ಮಾತ್ರ. ನನ್ನಂಥ ಸೋಮಾರಿಗೆಂದೇ ಸೇರಿಸಿದಂತಿದೆ! ನಮಾಜ್‌ಗೆ ಮುಂಚೆ ನೀರಿನಿಂದ ಶುದ್ಧಿಯಾಗುವ ವುಜೂ ಮಾಡುವಾಗ ಅಬ್ಬ ನನ್ನ ಭುಜ ಹಿಡಿದು ಒಂದೊಂದೇ ಕಾಲು ತೊಳೆಯುತ್ತಾರೆ. ಅಂಗಿಯ ಮೇಲೆ ಮೂಡಿದ ಒದ್ದೆ ಅಂಗೈ ನಮಾಜ್‌ನ 2 ರಕಅತ್ (ಸುತ್ತು) ಮುಗಿದರೂ ಆರಿರುವುದಿಲ್ಲ.

ನಾವು ಹೋಗುವಷ್ಟರಲ್ಲಿ ಕುರ್ಚಿ ಸಿದ್ಧವಾಗಿರುತ್ತದೆ. ಹಿಂಗಾಲುಗಳು ಸಾಲಿನ ಗೆರೆಗೆ ಸರಿಯಾಗಿ, ಒಂದಿಂಚೂ ಆಚೀಚೆ ಇಲ್ಲ. ಇಮಾಮರ ಕೆಲಸವೆಂದುಕೊಂಡಿದ್ದೆ. ಮೊನ್ನೆ ಬೇಗ ಹೋದಾಗ ನೋಡಿದೆ: ಬಗ್ಗಿ ಕುರ್ಚಿ ಸರಿಪಡಿಸುತ್ತಿದ್ದವರು, ಮಸೀದಿಯ ಲೆಕ್ಕಪತ್ರದ ಜಗಳದಲ್ಲಿ ಅಬ್ಬನ ಜೊತೆ ಮಾತು ಬಿಟ್ಟ ಹಿರಿಯರು. ನನ್ನನ್ನು ಕಂಡವರೇ ತುಟಿಗೆ ಬೆರಳಿಟ್ಟರು.

ಅಬ್ಬನಿಗೆ ಇನ್ನೂ ಹೇಳಿಲ್ಲ.