ಮನೆ ದಾರಿಗೆ ಜಲ್ಲಿ: ಹೂಮಳೆಯಿಂದ ಮುಂಗಾರಿನವರೆಗೆ

ಮಾರ್ಚ್ ಶುರು

ಮಳೆಗಾಲದಲ್ಲಿ ಹಾಸನ ಜಿಲ್ಲೆಯ ಪಾಳ್ಯದ ಕಡೆ ಬಂದವರಿಗೆ ನಮ್ಮ ಕೆಮ್ಮಣ್ಣಿನ ಗುಣ ಹೇಳಬೇಕಾಗಿಲ್ಲ. ಗೇಟಿಂದ ಅಂಗಳದವರೆಗೆ 150 ಅಡಿ ಉದ್ದ, 10 ಅಡಿ ಅಗಲದ ಮಣ್ಣುದಾರಿ. ಮೊದಲೆಲ್ಲ ಹೆಚ್ಚುಕಡಿಮೆ ಸಪಾಟು, ಕೊನೇ 40 ಅಡಿಯಲ್ಲಿ ಮಾತ್ರ 6 ಅಡಿ ಏರು. ಜುಲೈ ಬಂತು ಅಂದ್ರೆ ಕಾರು ಗೇಟಿನ ಹತ್ರಾನೇ, ಗ್ಯಾಸ್ ಸಿಲಿಂಡರ್ ಹೆಗಲ ಮೇಲೆ. ಪೂರ್ತಿ ಕಾಂಕ್ರೀಟಿಗೆ ದುಡ್ಡು ಸಾಲದು, ಇಷ್ಟು ಚಿಕ್ಕ ಕೆಲಸಕ್ಕೆ ಡಾಂಬರಿನವರು ತಿರುಗಿಯೂ ನೋಡಲ್ಲ. ಹಾಗಾಗಿ ಜಲ್ಲಿ.

ನಮ್ಮಲ್ಲಿ ಈ ಕೆಲಸಕ್ಕೆ ಸಿಗೋ ಸಮಯವೇ ಸ್ವಲ್ಪ. ರೊಬಸ್ಟಾ ಕಾಫಿ ಕುಯ್ಲು ಮುಗಿಯೋವರೆಗೂ ಟ್ರಾಕ್ಟರು, ಆಳು ಯಾವುದೂ ಸಿಗಲ್ಲ. ಮುಗಿದ ಮೇಲೆ ಕಾಫಿ ಹೂ ಅರಳಿಸೋ ಹೂಮಳೆ ಯಾವಾಗ ಬೇಕಾದ್ರೂ ಬೀಳಬಹುದು. ಏಪ್ರಿಲ್ ದಾಟಿದರೆ ಮುಂಗಾರಿಗೆ ಮುಂಚೆ ಮನೆ ಮುಗಿಸೋ ಊರಿನವರೆಲ್ಲ ಅದೇ ಟಿಪ್ಪರ್‌ಗಳ ಹಿಂದೆ ಬಿದ್ದಿರ್ತಾರೆ.

ಲೆಕ್ಕ ಹೀಗಿದೆ. ತಳಕ್ಕೆ 40 ಎಂಎಂ ಜಲ್ಲಿ 4 ಇಂಚು, ಮೇಲೆ ವೆಟ್‌ಮಿಕ್ಸ್ (ಕಲ್ಲು, ಪುಡಿ, ನೀರು ಬೆರೆಸಿದ್ದು) 2 ಇಂಚು. 1500 ಚದರಡಿಗೆ ತಳ 500 ಘನ ಅಡಿ, ಮೇಲಿನದ್ದು 250. ಇದು ಕುಟ್ಟಿ ಕೂತ ಮೇಲಿನ ಅಳತೆ. ಸಡಿಲವಾಗಿ ಬರೋ ಕಲ್ಲು ರೋಲರ್ ಓಡಿದ ಮೇಲೆ ಕುಗ್ಗುತ್ತೆ, ಅದಕ್ಕೆ ನೂರಕ್ಕೆ ಮೂವತ್ತು ಜಾಸ್ತಿ ಹಿಡಿದೆ. ಅಲ್ಲಿಗೆ ತಳಕ್ಕೆ 650, ಮೇಲಕ್ಕೆ 325.

ಕ್ರಷರ್‌ನಲ್ಲಿ

ಕ್ರಷರ್‌ಗಳು ಹೆಚ್ಚಾಗಿ ಹಾಸನದ ಆಚೆ ಬಯಲುಸೀಮೆ ಕಡೆಗೇ ಇವೆ. ನಮಗೆ ಮಳೆ, ಅವರಿಗೆ ಬಂಡೆ. ರಾಶಿಯಲ್ಲಿರೋದು ಬೂದುಬಣ್ಣದ ಕಲ್ಲು, ನಡುವೆ ಕಪ್ಪು ಬಿಳಿ ಪಟ್ಟೆ. ಭೂವಿಜ್ಞಾನದವರು ನೈಸ್ (gneiss) ಅಂತಾರೆ. ಗೊರೂರು ಸುತ್ತಿನ ಇದೇ ಜಾತಿ ಕಲ್ಲಿಗೆ 300 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಬೇಲೂರು ಹಳೇಬೀಡಿನ ಬಳಪದ ಕಲ್ಲು ಉಳಿಗೆ ಬಗ್ಗುತ್ತೆ ಅಂತ ಹೊಯ್ಸಳರು ಆರಿಸಿಕೊಂಡರು. ಲಾರಿ ಚಕ್ರದ ಕೆಳಗೆ ಹಾಕೋಕೆ ಬಗ್ಗದ ಈ ಕಲ್ಲೇ ಸರಿ.

ಮನೆ ಕಟ್ಟಿಸಿದವರ ಕಣ್ಣಿಗೆ ಪುಡಿ ಕಂಡರೆ ಆಗಲ್ಲ. ಕಾಂಕ್ರೀಟಿಗೆ ಪುಡಿ ಅಂಟಿದ ಜಲ್ಲಿ ಕೆಟ್ಟದ್ದು, ಸಿಮೆಂಟ್ ಹಿಡಿಯಲ್ಲ, ಒಪ್ಪಿದೆ. ಆದರೆ ಅದೇ ಕಣ್ಣಿಟ್ಟುಕೊಂಡು ದಾರಿಗೂ ಶುದ್ಧ 20 ಎಂಎಂ ತರಿಸೋರನ್ನ ನೋಡಿ ನೋಡಿ ಸಾಕಾಗಿದೆ. ಪುಡಿಯಿಲ್ಲದ ಒಂದೇ ಅಳತೆಯ ಜಲ್ಲಿಯನ್ನ ಎಷ್ಟು ಕುಟ್ಟಿದರೂ ಅದು ಕೂರಲ್ಲ. ಕಲ್ಲಿನ ಮಧ್ಯದ ಸಂದು ಹಾಗೇ ಉಳಿಯುತ್ತೆ, ಚಕ್ರ ತಿರುಗಿದಾಗ ಅಕ್ಕಪಕ್ಕ ಓಡುತ್ತೆ, ಎರಡು ಮಳೆಗಾಲಕ್ಕೆ ಅರ್ಧ ಜಲ್ಲಿ ಚರಂಡಿ ಸೇರಿರುತ್ತೆ. ಹೊಳೆಯ ಗುಂಡುಕಲ್ಲು ಇನ್ನೂ ದಂಡ, ನೋಡೋಕೆ ಮಾತ್ರ ಚಂದ. ದಾರಿಗೆ ಬೇಕಿರೋದು ಮೂಲೆ ಮುರಿದ ಚೂಪು ಕಲ್ಲು, ದೊಡ್ಡದು, ಚಿಕ್ಕದು, ಅದರ ಪುಡಿ, ಎಲ್ಲ ಸೇರಿದ್ದು. ವೆಟ್‌ಮಿಕ್ಸ್ ಅಂದ್ರೆ ಅದೇ: ಹದ ಹಾಕಿ ಬೆರೆಸಿದ ಕಲ್ಲು, ಪುಡಿ, ಜೊತೆಗೆ ನೀರು.

ರಾಶಿ ಹತ್ತಿರ ಹೋಗಿ ವೆಟ್‌ಮಿಕ್ಸ್ ಒಂದು ಹಿಡಿ ಬಿಗಿಯಾಗಿ ಹಿಸುಕಿ ನೋಡಿದೆ. ಮುಷ್ಟಿ ಬಿಚ್ಚಿದರೂ ಉಂಡೆ ನಿಂತಿತ್ತು, ಬೆರಳಿಂದ ತಟ್ಟಿದಾಗ ಬಿರುಕು ಬಿಟ್ಟು ಎರಡಾಯ್ತು. ಅಂಗೈಲಿ ಉಳಿದದ್ದು ಬೂದಿ ಬಣ್ಣದ ಪುಡಿ, ಕೆಂಪಿನ ಸುಳಿವಿಲ್ಲ. ಕೆಂಪು ಕಂಡಿದ್ದರೆ ಬಂಡೆ ಮೇಲಿನ ಮಣ್ಣು ಸೇರಿದೆ ಅಂತ ಅರ್ಥ, ಆ ಲೋಡು ಮಳೆಗೆ ಮತ್ತೆ ಕೆಸರೇ. 40 ಎಂಎಂ ರಾಶಿಯಲ್ಲಿ ಹಂಚಿನ ಚೂರಿನ ಥರ ಚಪ್ಪಟೆ ಕಲ್ಲು ಎಷ್ಟಿದೆ ಅಂತಲೂ ಕೆದಕಿ ನೋಡಿದೆ, ಯಾಕಂದ್ರೆ ಅವು ರೋಲರ್‌ಗೆ ಪಟಪಟ ಮುರೀತವೆ.

ರೇಟು ಇಲ್ಲಿ ಬರೆಯಲ್ಲ, ಬರೆದರೆ ಮುಂದಿನ ತಿಂಗಳಿಗೇ ಹಳತು. ಕೇಳಬೇಕಾದ್ದು ಮಾತ್ರ ಹೇಳ್ತೀನಿ. ಹೇಳಿದ ಬೆಲೆಯಲ್ಲಿ ರಾಯಲ್ಟಿ (ಸರ್ಕಾರಕ್ಕೆ ಕಟ್ಟೋ ಗಣಿ ಶುಲ್ಕ) ಸೇರಿದೆಯಾ, 5% ಜಿಎಸ್‌ಟಿ ಸೇರಿದೆಯಾ, ಬಾಡಿಗೆ ಗೇಟಿನವರೆಗಾ ಅಂಗಳದವರೆಗಾ? ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್ ಗಾಡಿ ಜೊತೆ ಇರಲೇಬೇಕು, ಅದರಲ್ಲಿ ಗಾಡಿ ನಂಬರ್ರೂ ಪ್ರಮಾಣವೂ ಇರುತ್ತೆ. ಪರ್ಮಿಟ್ ಇಲ್ಲದೆ ರಾತ್ರಿ ತಂದುಕೊಡ್ತೀವಿ ಅಂದವರಿಗೂ ಬರ ಇರಲಿಲ್ಲ. ಬೇಡ ಅಂದೆ.

ಅಡಿಯೋ ಟನ್ನೋ

ಕ್ರಷರ್‌ನವರು ತೂಗೋದು ಟನ್‌ನಲ್ಲಿ, ಟಿಪ್ಪರ್‌ನವರು ಮಾತಾಡೋದು ಅಡಿಯಲ್ಲಿ (ಅಂದ್ರೆ ಘನ ಅಡಿ), ಊರವರು ಲೋಡಿನಲ್ಲಿ. ದುಡ್ಡು ಸೋರೋದು ಈ ಮೂರರ ಸಂದಿನಲ್ಲೇ. ಒಂದು ಘನ ಮೀಟರ್ ಅಂದ್ರೆ 35.3 ಘನ ಅಡಿ. ಸಡಿಲ ಜಲ್ಲಿ ಘನ ಮೀಟರ್‌ಗೆ ಸುಮಾರು ಒಂದೂವರೆ ಟನ್ ತೂಗುತ್ತೆ, ಅಂದ್ರೆ ಟನ್ನಿಗೆ 24 ಅಡಿ ಆಸುಪಾಸು. ಆರು ಚಕ್ರದ ಟಿಪ್ಪರ್‌ಗೆ 2018ರಲ್ಲಿ ಬದಲಾದ ನಿಯಮದ ಪ್ರಕಾರ ಗಾಡಿ ಸೇರಿ 18.5 ಟನ್ ಮಿತಿ. ಖಾಲಿ ಗಾಡಿ ಕಳೆದರೆ ಹತ್ತು ಹನ್ನೊಂದು ಟನ್, ಅಂದ್ರೆ 250 ಅಡಿ. ಅದೇ ಗಾಡಿಯವನು 'ಮುನ್ನೂರೈವತ್ತು ಅಡಿ ತುಂಬಿಸಿದ್ದೀನಿ ಸಾರ್' ಅಂದರೆ ಒಂದೋ ಓವರ್‌ಲೋಡ್, ಇಲ್ಲಾ ಬರೀ ಬಾಯಿಮಾತು.

ವೆಟ್‌ಮಿಕ್ಸ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಒದ್ದೆ ಇದ್ದಷ್ಟೂ ತೂಕ ಜಾಸ್ತಿ, ನೀರಿಗೂ ಕಲ್ಲಿನ ರೇಟು ಕೊಡ್ತೀರಿ. ಹಾಗಾಗಿ ನಾನು ತೂಕದ ಚೀಟಿ ಇಸ್ಕೊಂಡು, ಜೊತೆಗೆ ಟಿಪ್ಪರ್ ಬಾಡಿಯ ಒಳಗೆ ಟೇಪು ಹಿಡಿದೆ. ಉದ್ದ, ಅಗಲ, ಎತ್ತರ. ನಡುವೆ ಗುಡ್ಡೆ, ಮೂಲೆಯಲ್ಲಿ ಹಳ್ಳ ಇರುತ್ತೆ, ಅದಕ್ಕೆ ಎತ್ತರವನ್ನ ಒಂದೇ ಕಡೆ ನೋಡಬಾರದು. ಡ್ರೈವರ್ ನಕ್ಕ. ಆದರೆ ಮುಂದಿನ ಲೋಡು ತುಂಬಿಸುವಾಗ ತಾನೇ ಮೇಲೆ ಹತ್ತಿ ಸಮ ಮಾಡಿಸಿಕೊಂಡು ಬಂದ.

ಸಾಗಾಟ

ಹೆದ್ದಾರಿ 75ರಲ್ಲಿ ಬರೋದು ದೊಡ್ಡ ವಿಷಯವೇ ಅಲ್ಲ. ತಾಪತ್ರಯವೆಲ್ಲ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ. ದಾರಿಯಲ್ಲೊಂದು ಹಳೇ ಮೋರಿ, ಅದರ ಕಲ್ಲುಚಪ್ಪಡಿ ಯಾವ ಕಾಲದ್ದೋ. ಹತ್ತು ಚಕ್ರದ ಗಾಡಿ ತರಿಸಿದರೆ ಬಾಡಿಗೆ ಅಗ್ಗ, ಆದರೆ ಮೋರಿ ಕುಸಿದರೆ ಊರಿಗೆಲ್ಲ ಉತ್ತರ ಕೊಡೋನು ನಾನು. ಆರು ಚಕ್ರದ್ದನ್ನೇ ಹಿಡಿದೆ.

ಗೇಟಿನ ಒಳಗೆ ಅದೂ ಪೂರ್ತಿ ಬರಲ್ಲ, ಯಾಕಂದ್ರೆ ತಿರುವಿನಲ್ಲಿ ಹಲಸಿನ ಮರ ಇದೆ, ಮೇಲೆ ಕರೆಂಟು ತಂತಿ ಇದೆ. ಬಾಡಿ ಎತ್ತಿದರೆ ತಂತಿಗೆ ತಾಗುತ್ತೆ. ಇದನ್ನ ಟಿಪ್ಪರ್ ಬಂದ ಮೇಲೆ ತಲೆ ಎತ್ತಿ ನೋಡೋದಲ್ಲ, ಹಿಂದಿನ ದಿನವೇ ಎಲ್ಲಿ ಸುರಿಯಬೇಕು ಅಂತ ಸುಣ್ಣದಲ್ಲಿ ಗೆರೆ ಹಾಕಿಟ್ಟಿದ್ದೆ. ಸಪಾಟು ಭಾಗಕ್ಕೆ ಡ್ರೈವರ್ ಹಿಂಬಾಗಿಲ ಚೈನು ಅರ್ಧ ಸಡಿಲ ಬಿಟ್ಟು, ಬಾಡಿ ಎತ್ತಿ, ನಿಧಾನ ಮುಂದಕ್ಕೆ ಚಲಿಸಿದ. ಜಲ್ಲಿ ಒಂದೇ ದಪ್ಪಕ್ಕೆ ಹಾಸುತ್ತಾ ಬಂತು. ಜೆಸಿಬಿಯ ಅರ್ಧ ಕೆಲಸ ಅಲ್ಲೇ ಉಳೀತು. ವೆಟ್‌ಮಿಕ್ಸ್ ಅಷ್ಟು ಸಲೀಸಾಗಿ ಇಳಿಯಲ್ಲ. ಬಾಡಿ ಮುಕ್ಕಾಲು ಎತ್ತಿದರೂ ಮುಂದಿನ ಮೂಲೆಗೆ ಅಂಟಿಕೊಂಡು ಕೂತಿತ್ತು, ಕ್ಲೀನರ್ ಹುಡುಗ ಕೆಳಗೆ ನಿಂತು ಸಲಿಕೆ ಹಿಡಿಯಿಂದ ತಗಡಿಗೆ ಬಡಿದ, ಧೊಪ್ಪಂತ ಒಂದೇ ಸಲ ಬಿತ್ತು. ಹಿಂದೆ ಯಾರೂ ನಿಲ್ಲಬಾರದು ಅನ್ನೋದು ಇದಕ್ಕೇ.

ಏರಿನ ಭಾಗಕ್ಕೆ ಪಕ್ಕದ ಮನೆಯವರ ಟ್ರಾಕ್ಟರು. ಕೆಳಗೆ ಸುರಿದಿದ್ದನ್ನ ಮತ್ತೆ ತುಂಬಿ ಮೇಲಕ್ಕೆ ಹೊರೋದು ಎರಡು ಕೂಲಿ, ಜೊತೆಗೆ ರಾಶಿಯ ತಳದ ಜಲ್ಲಿ ಮಣ್ಣಿಗೆ ಹೋಗುತ್ತೆ. ಹಳೇ ಕಾಫಿ ಕಣದ ಟಾರ್ಪಾಲಿನ ಮೇಲೆ ಸುರಿಸಿದ್ದರಿಂದ ಹೆಚ್ಚು ಹಾಳಾಗಲಿಲ್ಲ.

ಏಪ್ರಿಲ್, ಹಾಸೋದು

ಜಲ್ಲಿ ಬೀಳೋ ಮುಂಚೆ ಮೇಲಿನ ಹುಲ್ಲು, ಕಪ್ಪು ಮಣ್ಣು ಕೆರೆಸಿ ತೆಗೆಸಿತ್ತು. ಗೇಟಿನ ಹತ್ತಿರ ನೀರು ನಿಲ್ಲೋ ಜಾಗದಲ್ಲಿ ಮಾತ್ರ ಸೋಲಿಂಗ್ ಕಲ್ಲು (ತಳಕ್ಕೆ ಹಾಕೋ ದಪ್ಪ ಕಲ್ಲು) ಕೈಯಿಂದ ಜೋಡಿಸಿದ್ದು. ಮೇಲುಬದಿಯಲ್ಲಿ ಚರಂಡಿ ಒಂದೂವರೆ ಅಡಿ ಆಳ. ದಾರಿ ನಡುವೆ ಎರಡೂವರೆ ಇಂಚು ಎತ್ತರ ಬಿಟ್ಟು ಎರಡೂ ಕಡೆಗೆ ಇಳಿಜಾರು ಕೊಟ್ಟಿದ್ದೀವಿ. ಬೇಬಿ ರೋಲರ್ ಬಾಡಿಗೆಗೆ ತಂದು 40 ಎಂಎಂ ಮೇಲೆ ಓಡಿಸಿ, ಸಂದಿಗೆ ಜಲ್ಲಿಪುಡಿ ಉದುರಿಸಿ, ಪೊರಕೆಯಲ್ಲಿ ತಳ್ಳಿ, ನೀರು ಬಿಟ್ಟು ಮತ್ತೆ ಓಡಿಸಿದ್ದು. ಪಿಡಬ್ಲ್ಯುಡಿಯವರು ಮೆಟ್ಲಿಂಗ್ ಅಂತ ಮಾಡೋದೂ ಇದನ್ನೇ, ಮೂಲ ಹತ್ತೊಂಬತ್ತನೇ ಶತಮಾನದ ಸ್ಕಾಟ್ಲೆಂಡಿನ ರಸ್ತೆ ಎಂಜಿನಿಯರ್ ಮಕಾಡಮ್ ಸಾಹೇಬರದ್ದು. ಅವರು ನೀರನ್ನ ದಾರಿಯಿಂದ ಹೊರಗೆ ಹಾಕೋದೇ ಮೊದಲು ಅಂದಿದ್ದರು. ನಮ್ಮ ಗ್ರಾಮದ ರಸ್ತೆಗಳಲ್ಲಿ ಚರಂಡಿ ಕೊನೆಗೆ ನೆನಪಾಗುತ್ತೆ, ಇರಲಿ.

ವೆಟ್‌ಮಿಕ್ಸ್ ಹಾಸಿ ಮುಗಿಸಿದ ವಾರದಲ್ಲೇ ಹೂಮಳೆ ಬಂತು. ಒಳ್ಳೇದೇ ಆಯ್ತು, ನೀರು ಹಾಕೋ ಕೂಲಿ ಉಳೀತು.

ಜೂನ್ ಕೊನೆ

ಮಳೆ ಹಿಡಿದಿದೆ. ಸಪಾಟು ಭಾಗ ಕಲ್ಲಾಗಿ ಕೂತಿದೆ, ಬೈಕು ಬ್ರೇಕ್ ಹಾಕಿದರೂ ಜಲ್ಲಿ ಏಳಲ್ಲ. ನೂರಕ್ಕೆ ಹದಿನೈದರ ಏರಿನಲ್ಲಿ ಮಾತ್ರ ಚಕ್ರದ ಗೆರೆಯಲ್ಲಿ ಪುಡಿ ತೊಳೆದು ಹೋಗಿ ಕಲ್ಲು ಹಲ್ಲು ಕಿರಿತಾ ಇದೆ. ಇಷ್ಟು ಏರಿಗೆ ಜಲ್ಲಿ ನಿಲ್ಲಲ್ಲ ಅಂತ ಗೊತ್ತಿದ್ದೇ ಹಾಕಿದ್ದು, ಅದು ಕಾಂಕ್ರೀಟಿಗೆ ತಳ ಆಗಲಿ ಅಂತ. ಎಸ್ಟೇಟ್ ರಸ್ತೆಗಳಲ್ಲಿ ಮಾಡೋ ಹಾಗೆ ಎರಡು ಚಕ್ರಕ್ಕೆ ಎರಡು ಪಟ್ಟಿ, ತಲಾ ಎರಡಡಿ ಅಗಲ, ನವೆಂಬರ್‌ನಲ್ಲಿ ಹುಯ್ಯಿಸೋದು. ಆಗ ಬೇಕಾಗೋದು ತೊಳೆದ 20 ಎಂಎಂ, ಪುಡಿ ಇಲ್ಲದ್ದು. ಅದಕ್ಕೆ ಕ್ರಷರ್‌ನವರಿಗೆ ಈಗಲೇ ಹೇಳಿಟ್ಟಿದ್ದೀನಿ. ಉಳಿದ ವೆಟ್‌ಮಿಕ್ಸ್ ಟಾರ್ಪಾಲಿನ ಕೆಳಗೆ ಇದೆ, ಮಳೆ ಬಿಟ್ಟ ಮೇಲೆ ಗುಂಡಿ ಮುಚ್ಚೋಕೆ.