ಬಾಗಿಲು ಹಾಕಿದವರು, ಕೋರ್ಟಿಗೆ ಹೋದವರು

ಅಮೆರಿಕದ ದೊಡ್ಡ ಕ್ರೀಡಾ ಲೀಗ್‌ಗಳಲ್ಲಿ ತಂಡದ ಮಾಲೀಕರಿಗೂ ಆಟಗಾರರಿಗೂ ಜಗಳ ಶುರುವಾದಾಗೆಲ್ಲ ಒಂದು ಮಾತು ಕೇಳಿಬರುತ್ತದೆ. ಲಾಕೌಟ್, ಅಂದರೆ ಆಟಗಾರರನ್ನು ಹೊರಗಿಟ್ಟು ಬಾಗಿಲು ಹಾಕುವುದು, ಮಾಲೀಕರ ಅಸ್ತ್ರ, ಕೇಸು ಆಟಗಾರರ ಅಸ್ತ್ರ, ಅಲ್ಲಿಗೆ ಎರಡೂ ಸಮ ಅಂತ. ನಾನು ಇದನ್ನು ಒಪ್ಪುವುದಿಲ್ಲ.

ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 2011ರ ಜಗಳವನ್ನೇ ನೋಡಿ. ಆಟಗಾರರ ಸಂಘದ ಜೊತೆಗಿನ ಹಳೇ ಒಪ್ಪಂದ ಸಾಕು, ಬೇಗ ಮುಗಿಸೋಣ ಅಂತ 2008ರಲ್ಲೇ ತೀರ್ಮಾನ ಮಾಡಿದ್ದು ಮಾಲೀಕರು. ಆಟಗಾರರು ಅದೇ ಒಪ್ಪಂದದಲ್ಲಿ ಆಡುವುದಕ್ಕೆ ತಯಾರಿದ್ದರು. ಮಾರ್ಚ್ 11ರಂದು ಮಾತುಕತೆ ಮುರಿದುಬಿತ್ತು. ಅವತ್ತೇ ಆಟಗಾರರ ಸಂಘ ಎಲ್ಲರ ಪರವಾಗಿ ಚೌಕಾಸಿ ಮಾಡುವ ಹಕ್ಕನ್ನು ಬಿಟ್ಟುಕೊಟ್ಟಿತು, ಹೆಸರಾಂತ ಆಟಗಾರರಾದ ಟಾಮ್ ಬ್ರೇಡಿ, ಪೇಟನ್ ಮ್ಯಾನಿಂಗ್, ಡ್ರೂ ಬ್ರೀಸ್ ಸೇರಿ ಹತ್ತು ಜನ ಮಿನ್ನೆಸೋಟದ ಫೆಡರಲ್ ಕೋರ್ಟಿನಲ್ಲಿ ಕೇಸು ಹಾಕಿದರು. ಮಾಲೀಕರು ಬಾಗಿಲು ಹಾಕಿದರು.

ಸಂಘವನ್ನೇ ಯಾಕೆ ಬಿಡಬೇಕಿತ್ತು? 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ಇದಕ್ಕೆ ಕಾರಣ. ಸಂಘದ ಜೊತೆ ಚೌಕಾಸಿ ಸಂಬಂಧ ಇರುವವರೆಗೆ, ಮಾಲೀಕರೆಲ್ಲ ಸೇರಿ ಷರತ್ತು ಹಾಕಿದರೂ ಅವರ ಮೇಲೆ ಏಕಸ್ವಾಮ್ಯ ತಡೆ ಕಾನೂನಿನಡಿ (ಕಂಪನಿಗಳು ಒಟ್ಟುಗೂಡಿ ಸ್ಪರ್ಧೆ ತಡೆಯಬಾರದು ಅನ್ನುವ ಕಾನೂನು) ಕೇಸು ನಡೆಯುವುದಿಲ್ಲ ಅಂತ ಅದು ಹೇಳಿತು. ಸಂಘವನ್ನು ಕಾಗದದ ಮೇಲೆ ಬಿಟ್ಟು, ಜಗಳ ಮುಗಿದ ಮೇಲೆ ಮತ್ತೆ ಕಟ್ಟುವುದು ನನಗೂ ಅಷ್ಟು ಇಷ್ಟವಿಲ್ಲ. ಆದರೆ ಬೇರೆ ದಾರಿ ಎಲ್ಲಿತ್ತು?

ನನ್ನ ಸಿಟ್ಟು ಇರುವುದು ದುಡ್ಡಿನ ವಿಷಯದಲ್ಲಿ. ಆಟ ನಡೆಯದಿದ್ದರೂ ಸುಮಾರು 400 ಕೋಟಿ ಡಾಲರ್ ಕೈಗೆ ಬರುವ ಹಾಗೆ ಲೀಗ್ ಟಿವಿ ಕಂಪನಿಗಳ ಜೊತೆ ಮೊದಲೇ ಮಾತಾಡಿಕೊಂಡಿತ್ತು. ಆಟಗಾರರಿಗೂ ಪಾಲಿರುವ ಹಣವನ್ನು ಜಾಸ್ತಿ ಮಾಡುವ ಹೊಣೆಯನ್ನು ಲೀಗ್ ಮುರಿದಿದೆ ಅಂತ ನ್ಯಾಯಾಧೀಶ ಡೇವಿಡ್ ಡೋಟಿ ಆ ಮಾರ್ಚ್ ಮೊದಲ ದಿನವೇ ತೀರ್ಪು ಕೊಟ್ಟರು. ಬಾಗಿಲು ಹಾಕುವವನು ತನ್ನ ಊಟಕ್ಕೆ ಮೊದಲೇ ವ್ಯವಸ್ಥೆ ಮಾಡಿಕೊಂಡಿದ್ದ. ಹೊರಗೆ ನಿಂತವನಿಗೆ ಏನಿತ್ತು? ಬ್ರೇಡಿಯಂಥವರು ಹೇಗೋ ತಡೆದುಕೊಳ್ಳುತ್ತಾರೆ. ಆದರೆ ಎಷ್ಟೋ ಆಟಗಾರರ ವೃತ್ತಿಜೀವನವೇ ಮೂರ್ನಾಲ್ಕು ವರ್ಷದ್ದು, ಅದರಲ್ಲಿ ಒಂದು ಸೀಸನ್ ಹೋದರೆ ಅದು ಹೋದಂತೆಯೇ, ಮಾಲೀಕನಿಗಾದರೆ ಮುಂದಿನ ವರ್ಷವೂ ತಂಡ ಇರುತ್ತದೆ, ಹತ್ತು ವರ್ಷ ಬಿಟ್ಟೂ ಇರುತ್ತದೆ.

ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಹೀಗೇ ಆಯಿತು. 2004-05ರ ಇಡೀ ಸೀಸನ್ ಲಾಕೌಟಿಗೆ ಬಲಿಯಾಯಿತು. ಕೊನೆಗೆ ಆಟಗಾರರು ಬೇಡ ಬೇಡ ಅಂದ ಸಂಬಳದ ಮಿತಿಯೇ ಬಂತು. ಸ್ಟೇಡಿಯಂನಲ್ಲಿ ಟಿಕೆಟ್ ಹರಿಯುವವರು, ಕಸ ಗುಡಿಸುವವರು, ಅವರ ದಿನಗೂಲಿಯೂ ಹೋಯಿತು. ಕೇಸು ಹಾಕುವುದರಿಂದ ಹೀಗಾಗುವುದಿಲ್ಲ ಅಲ್ವಾ? ಕೋರ್ಟಿನಲ್ಲಿ ವಾದ ನಡೆಯುತ್ತಿದ್ದರೂ ಮೈದಾನದಲ್ಲಿ ಆಟ ನಡೆಯಬಹುದು.

ಎನ್‌ಎಫ್‌ಎಲ್ ಕೇಸಿನಲ್ಲಿ 2011ರ ಏಪ್ರಿಲ್ 25ರಂದು ನ್ಯಾಯಾಧೀಶೆ ಸೂಸನ್ ನೆಲ್ಸನ್ ಲಾಕೌಟ್ ನಿಲ್ಲಿಸಿ ಅಂತ ಆದೇಶ ಕೊಟ್ಟರು. ಕೆಲವೇ ದಿನಗಳಲ್ಲಿ ಮೇಲಿನ ಕೋರ್ಟ್ ಅದಕ್ಕೆ ತಡೆ ಹಾಕಿತು. ಜುಲೈ 8ಕ್ಕೆ, ಇಬ್ಬರು ಒಂದು ಕಡೆ ಒಬ್ಬರು ಒಂದು ಕಡೆ ಆಗಿ, ಆದೇಶವನ್ನೇ ರದ್ದು ಮಾಡಿತು. ಅದಕ್ಕೆ ಆಧಾರ 1932ರ ಒಂದು ಕಾನೂನು. ಕಾರ್ಮಿಕರ ಮುಷ್ಕರಗಳನ್ನು ಕೋರ್ಟುಗಳು ಸುಮ್ನೆ ತಡೆಯಬಾರದು ಅಂತ ಬಂದ ಕಾನೂನು ಅದು. ಅದನ್ನೇ ಮಾಲೀಕರ ಬೀಗ ಕಾಯುವುದಕ್ಕೆ ಬಳಸಿದ್ದು ನನಗೆ ಇವತ್ತಿಗೂ ನುಂಗಲಾರದ ತುತ್ತು. ಜುಲೈ 25ಕ್ಕೆ ರಾಜಿಯಾಯಿತು, ಒಂದೇ ಒಂದು ಪ್ರದರ್ಶನ ಪಂದ್ಯ ಮಾತ್ರ ಹೋಯಿತು, ನಿಜ.

ಆಟ ನಿಲ್ಲಿಸುವ ತಪ್ಪು ಆಟಗಾರರದ್ದೂ ಆಗಬಹುದು. 1994ರಲ್ಲಿ ಬೇಸ್‌ಬಾಲ್ ಆಟಗಾರರ ಮುಷ್ಕರದಿಂದ ಆ ಲೀಗಿನ ಫೈನಲ್ ಆದ ವರ್ಲ್ಡ್ ಸೀರೀಸೇ ರದ್ದಾಯಿತು. ಆದರೆ ಅಲ್ಲಿಯೂ ದಾರಿ ಬಿಡಿಸಿದ್ದು ಕೋರ್ಟೇ. 1995ರ ಮಾರ್ಚ್ 31ರಂದು ನ್ಯಾಯಾಧೀಶೆ ಸೋನಿಯಾ ಸೋಟೊಮೇಯರ್ ಯಾರಿಗೂ ಹೊಸದಾಗಿ ಏನನ್ನೂ ಕೊಡಲಿಲ್ಲ. ಹಳೇ ನಿಯಮವೇ ಇರಲಿ, ನೀವು ಮಾತಾಡಿಕೊಳ್ಳಿ ಅಂದರು. ಆಟಗಾರರು ಮೈದಾನಕ್ಕೆ ಮರಳಿದರು. ಹೊಸ ಒಪ್ಪಂದ ಆಗಿದ್ದು 1996ರ ಕೊನೆಗೆ. ಅಷ್ಟರಲ್ಲಿ ಎರಡು ಸೀಸನ್ ಆಟ ಮುಗಿದಿತ್ತು.